ಷರಾ ಕಾಲಂ

ಬಾಟಲಿಗೆ ಕಪ್ಪು ಗೆರೆಯವರೆಗೆ ನೀರು ತುಂಬಿಸಿದಳು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಗೆರೆಗಿಂತ ಒಂದು ಕೂದಲೆಳೆಯಷ್ಟು ಮೇಲಿದ್ದುದನ್ನು ಸಿಂಕಿಗೆ ಚೆಲ್ಲಿದಳು. ಅಕ್ಕನಿಗೆ ಮಧ್ಯಾಹ್ನದವರೆಗೆ ಇಷ್ಟೇ. ಅಕ್ಕನ ಮೂತ್ರಪಿಂಡಗಳು ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ನಾಲ್ಕು ಗಂಟೆಗಳ ಕಾಲ ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿಯಲ್ಲಿ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. "ಚೆಲ್ಲೋದ್ಯಾಕೆ? ಆ ಎರಡು ಹನೀಲಿ ನಾನೇನು ಮುಳುಗಿ ಹೋಗ್ತೀನಾ?" ಎಂದಳು ಅಕ್ಕ, ಚಪ್ಪಲಿಯೊಳಗೆ ಊದಿದ ಕಾಲನ್ನು ತೂರಿಸುತ್ತ. ಬೇರೆ ದಿನವಾಗಿದ್ದರೆ ಇವಳು ತಕ್ಷಣ ತಿರುಗಿ, ನಿನ್ನೆ ಎಷ್ಟು ಕುಡಿದೆ, ಮೊನ್ನೆ ಎಷ್ಟು ಕುಡಿದೆ, ತೂಕ ಎಷ್ಟು ಏರಿದೆ ಎಂದು ಪಾಠ ಒಪ್ಪಿಸುತ್ತಿದ್ದಳು. ಈ ಗುರುವಾರ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮಂಗಳವಾರದಿಂದ ಹೀಗೇ. ಅಕ್ಕನ ಎದುರು ಬಾಯಿ ತೆರೆದಾಗಲೆಲ್ಲ ಒಂದು ವಾಕ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಆ ವಾಕ್ಯವನ್ನು ಓದಿದ್ದು ಈ ಭೂಮಿಯ ಮೇಲೆ ತಾನೊಬ್ಬಳೇ ಅಲ್ಲ, ಡಯಾಲಿಸಿಸ್ ವಾರ್ಡಿನವರೆಲ್ಲ ಎರಡು ವರ್ಷದಿಂದ ಓದುತ್ತಿದ್ದರು ಎಂದು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. "ಯಾಕೆ, ಇವತ್ತು ಬೈಗುಳ ರಜವಾ?" ಎಂದಳು ಅಕ್ಕ. "ಬಾ, ಹೊತ್ತಾಯ್ತು," ಎಂದಷ್ಟೇ ಹೇಳಿ ಇವಳು ಬೀಗ ಹುಡುಕಿದಳು. ಬೀಗ ಕೈಯಲ್ಲೇ ಇತ್ತು.

ಆಸ್ಪತ್ರೆಯ ನೆಲಮಹಡಿಯಲ್ಲಿ ಡಯಾಲಿಸಿಸ್ ವಾರ್ಡು, ಮೂರನೆಯ ಮಹಡಿಯಲ್ಲಿ ಕಂಪ್ಯೂಟರ್ ವಿಭಾಗ. ಅಕ್ಕನನ್ನು ಕೆಳಗೆ ಬಿಟ್ಟು ಇವಳು ಮೇಲೆ ಹೋಗುತ್ತಾಳೆ. ಹದಿನೇಳು ವರ್ಷದಿಂದ ಅದೇ ಮೇಜು, ಅದೇ ಕಿಟಕಿ, ಕಿಟಕಿಯಾಚೆ ಬಟ್ಟೆ ಒಗೆಯುವ ವಿಭಾಗದ ಹೊಗೆ ಕೊಳವೆ. ರೋಗಿಗಳು, ಪಾಳಿಗಳು, ಕುರ್ಚಿಗಳು, ರಕ್ತಪರೀಕ್ಷೆಗಳು ಹೀಗೆ ಡಯಾಲಿಸಿಸ್ ವಾರ್ಡಿನ ಹನ್ನೊಂದು ಟೇಬಲ್ಲುಗಳನ್ನೂ ಡೇಟಾಬೇಸಿನಲ್ಲಿ ಕಟ್ಟಿದವಳು ಅವಳೇ. ಯಾವ ಟೇಬಲ್ಲಿಂದ ಯಾವುದಕ್ಕೆ ಕೊಂಡಿ, ಯಾವ ಕಾಲಂ ಖಾಲಿ ಬಿಡಬಹುದು, ಯಾವುದನ್ನು ಬಿಡಬಾರದು, ಎಲ್ಲ ಬೆರಳ ತುದಿಯಲ್ಲಿತ್ತು. ವೈದ್ಯರಿಗೆ ಏನು ಬೇಕಾದರೂ, ಡೇಟಾಬೇಸಿನಿಂದ ಮಾಹಿತಿ ಕೇಳುವ ಕ್ವೆರಿಯನ್ನು ಕೈಯಾರೆ ಬರೆದು ತೆಗೆದುಕೊಡುತ್ತಿದ್ದಳು. ಹಾಗಾಗಿ ವಿಭಾಗದಲ್ಲಿ ಅವಳಿಗೆ ಕ್ವೆರಿಯಮ್ಮ ಎಂದು ಹೆಸರು ಬಿದ್ದಿತ್ತು. ಮೊದಮೊದಲು ಅದರಲ್ಲಿ ಗೌರವವಿತ್ತು. ಎಂಟು ತಿಂಗಳ ಹಿಂದೆ ವಿಭಾಗದ ಮುಖ್ಯಸ್ಥನಾಗಿ ಹೊಸ ಲೀಡ್ ಬಂದ ಮೇಲೆ, ಹೆಸರು ಅದೇ ಆದರೂ ಅದನ್ನು ಹೇಳುವ ಬಾಯಿಗಳು ಸ್ವಲ್ಪ ಓರೆಯಾದವು.

ಲೀಡ್ ಮೂವತ್ತೈದರ ಆಸುಪಾಸಿನವನು. ಚುರುಕು, ಮಾತುಗಾರ, ಎದುರಿನವರು ಮಾತು ಮುಗಿಸುವ ಮೊದಲೇ "ಕರೆಕ್ಟ್, ಕರೆಕ್ಟ್" ಎಂದು ತಲೆಯಾಡಿಸಿ ತನ್ನದನ್ನು ಶುರು ಮಾಡುವವನು. ಹಳೆಯ ಪ್ರೋಗ್ರಾಮನ್ನು ಕಿತ್ತು ಹೊಸ ಅಪ್ಲಿಕೇಶನ್ ತರಬೇಕು, ಸರ್ವರಿನಲ್ಲಿ ಅದು ಓಡಬೇಕು, ಡೇಟಾಬೇಸಿನ ಜತೆ ಅದು ಓಆರ್‌ಎಂ ಮೂಲಕ ಮಾತಾಡಬೇಕು ಎಂದು ತೀರ್ಮಾನವಾಗಿತ್ತು. ಪ್ರೋಗ್ರಾಮಿಗೂ ಟೇಬಲ್ಲಿಗೂ ನಡುವೆ ಕೂತ ದುಭಾಷಿಯಂಥ ಪದರ ಅದು. ಪ್ರತಿ ಟೇಬಲ್ಲಿಗೂ ಪ್ರೋಗ್ರಾಮಿನಲ್ಲಿ ಒಂದು ಕ್ಲಾಸ್ ಬರೆಯಬೇಕು, ಪ್ರತಿ ಕಾಲಂಗೂ ಆ ಕ್ಲಾಸಿನಲ್ಲಿ ಒಂದು ಹೆಸರು ಕೊಡಬೇಕು. ಆಮೇಲೆ ಯಾರೂ ಕೈಯಾರೆ ಕ್ವೆರಿ ಬರೆಯುವ ಹಾಗಿಲ್ಲ, ಪದರವೇ ಬರೆದುಕೊಳ್ಳುತ್ತದೆ. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ತನ್ನ ಕೆಲಸ ಹೋಗುತ್ತದೆಂಬ ಹೆದರಿಕೆ ಅವಳಿಗಿದೆ ಎಂದು ವಿಭಾಗದವರೆಲ್ಲ ಅಂದುಕೊಂಡಿದ್ದರು, ಮೈ ಉರಿಸಿದ್ದು ಅದು. ಅವಳು ಮೂರು ವಾರ ಕೂತು ಆ ಪದರದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದ್ದಳು. ಲೀಡ್ ಓದಿರಲಿಲ್ಲ. ಹಾಗಾಗಿಯೇ ಸಿಂಕ್ರೊನೈಸ್ ಎಂಬ ಸೆಟ್ಟಿಂಗ್ ತೆರೆದಿರುವುದನ್ನು ಮೊದಲು ಕಂಡವಳೂ ಅವಳೇ. ಅದು ತೆರೆದಿದ್ದರೆ ಅಪ್ಲಿಕೇಶನ್ ಶುರುವಾದ ಕೂಡಲೇ ಕ್ಲಾಸಿನಲ್ಲಿ ಏನಿದೆಯೋ ಅದಕ್ಕೆ ಸರಿಯಾಗಿ ಟೇಬಲ್ಲನ್ನು ತಿದ್ದಿಬಿಡುತ್ತದೆ. ಕ್ಲಾಸಿನಲ್ಲಿಲ್ಲದ ಕಾಲಂ ಟೇಬಲ್ಲಿನಲ್ಲಿ ಕಂಡರೆ ಕಿತ್ತು ಬಿಸಾಡುತ್ತದೆ, ಅದರಲ್ಲಿ ತುಂಬಿದ್ದ ಮಾಹಿತಿಯ ಸಮೇತ.

ಇದನ್ನು ಅವಳು ಮಂಗಳವಾರ ಬೆಳಿಗ್ಗೆ ಹೇಳಿದ್ದಳು. ಮೀಟಿಂಗ್ ಕೋಣೆಯಲ್ಲಿ ಆರು ಜನರ ಎದುರು, ಕಾಗದದಲ್ಲಿ ಬರೆದುಕೊಂಡು ಬಂದು, ನಿಂತುಕೊಂಡು. ನಿಂತದ್ದೇ ತಪ್ಪಾಯಿತು, ಬೇರೆ ಯಾರೂ ನಿಂತು ಮಾತಾಡುವುದಿಲ್ಲ. "ನಿಜವಾದ ಡೇಟಾಬೇಸಿಗೆ ಕನೆಕ್ಟ್ ಮಾಡೋ ಮೊದಲು ಇದನ್ನ ಮುಚ್ಚಬೇಕು," ಎಂದಳು. ಲೀಡ್ "ಕರೆಕ್ಟ್, ಕರೆಕ್ಟ್" ಎಂದ. "ಆದ್ರೆ ಸಂಜೆ ಡೈರೆಕ್ಟರ್‌ಗೆ ಡೆಮೊ ಇದೆ ಮೇಡಂ. ಕ್ಲಾಸೂ ಟೇಬಲ್ಲೂ ಒಂದೇ ಥರ ಇದ್ರೆ ಅದು ಏನೂ ಕಿತ್ತಾಕಲ್ಲ. ನೀವು ಸರಿಯಾಗಿ ಬರೆದ್ರೆ ಆಯ್ತು. ಟೇಬಲ್ಲು ನಿಮ್ಮದೇ ಅಲ್ವಾ?" ಹೇಳುತ್ತಲೇ ಗೋಡೆಯ ಪರದೆಯ ಮೇಲೆ ಅವಳ ಟೇಬಲ್ಲುಗಳ ಪಟ್ಟಿ ತೆರೆದ. ರೋಗಿಗಳ ಟೇಬಲ್ಲಿನಲ್ಲಿ ಇಪ್ಪತ್ಮೂರು ಕಾಲಂ. ಕೊನೆಯದರ ಮೇಲೆ ಬಾಣದ ಗುರುತು ನಿಲ್ಲಿಸಿ ಹುಬ್ಬೇರಿಸಿದ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಆ ಹೆಸರನ್ನು ಬೇಕೆಂದೇ ಎಳೆದು ಓದಿದ. "ಈ ಸಾರಾ ಯಾರು ಮೇಡಂ? ನಿಮ್ಮ ಫ್ರೆಂಡಾ? ಕೊನೇ ಬೆಂಚಲ್ಲಿ ಕೂರಿಸಿದ್ದೀರಾ?"

ಕೋಣೆಯಲ್ಲಿ ನಗೆ ಎದ್ದಿತು. ದೊಡ್ಡ ನಗೆಯೇನಲ್ಲ, ಬೆಳಗಿನ ಹೊತ್ತು ಕೆಲಸ ಶುರುಮಾಡಲು ಮನಸ್ಸಿಲ್ಲದವರು ನಗುವಷ್ಟು. ಅವಳ ಪಕ್ಕದ ಮೇಜಿನವಳು, ಹೋದ ವರ್ಷ ತಾಯಿ ತೀರಿಕೊಂಡಾಗ ಇವಳ ಹೆಗಲ ಮೇಲೆ ಬಿದ್ದು ಅತ್ತವಳು, ಅವಳೂ ನಕ್ಕಳು. "ಅದು ಷರಾ," ಎಂದಳು ಇವಳು. ದನಿ ತೆಳ್ಳಗೆ ಬಂತು. "ಷರಾ ಅಂದ್ರೆ ರಿಮಾರ್ಕ್ಸ್." "ಓ," ಎಂದ ಲೀಡ್. "ಹಾಗಾದ್ರೆ ರಿಮಾರ್ಕ್ಸ್ ಅಂತ್ಲೇ ಇಡಬಹುದಿತ್ತು. ಇರಲಿ, ಕೂತ್ಕೊಳ್ಳಿ." ಕೂತಳು. ಕೈಯಲ್ಲಿದ್ದ ಕಾಗದ ಬೆವರಿಗೆ ಅಂಟಿಕೊಂಡಿತ್ತು. ಐವತ್ತೊಂದು ವರ್ಷದ ಹೆಂಗಸು, ಶಾಲೆಯ ಹುಡುಗಿಯ ಹಾಗೆ 'ಕೂತ್ಕೊಳ್ಳಿ' ಅನ್ನಿಸಿಕೊಂಡು ಕೂತಳು. ಆ ಒಂದು ಪದಕ್ಕೆ ಎಷ್ಟು ಉತ್ತರಗಳಿದ್ದವು. ಅವೆಲ್ಲ ಆಮೇಲೆ ಲಿಫ್ಟಿನಲ್ಲಿ, ಊಟದ ಡಬ್ಬಿ ತೆರೆಯುವಾಗ, ಬಚ್ಚಲಿನ ಕನ್ನಡಿಯ ಮುಂದೆ ಒಂದೊಂದಾಗಿ ಬಂದವು.

ಷರಾ ಎಂದು ಅವಳು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಪ್ಪ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಗೆರೆ ಎಳೆದ ದಫ್ತರುಗಳಲ್ಲೆಲ್ಲ ಬಲತುದಿಯ ಅಗಲವಾದ ಖಾನೆಗೆ ಅದೇ ಹೆಸರು. ಉಳಿದ ಖಾನೆಗಳಲ್ಲಿ ಹಿಡಿಸದ್ದೆಲ್ಲ ಅಲ್ಲಿ ಹೋಗಬೇಕು ಎನ್ನುತ್ತಿದ್ದರು. ವಾರ್ಡಿನ ಟೆಕ್ನಿಷಿಯನ್ನುಗಳು ಮೊದಲು ಚೀಟಿಗಳಲ್ಲಿ ಬರೆದು ಯಂತ್ರಕ್ಕೆ ಅಂಟಿಸುತ್ತಿದ್ದರು, ಚೀಟಿ ಬಿದ್ದುಹೋಗುತ್ತಿತ್ತು. ಅದನ್ನು ನೋಡಿ ಅವಳು ಆ ಕಾಲಂ ಸೇರಿಸಿದಳು. ಯಾರೂ ಕೇಳಿರಲಿಲ್ಲ. ಹದಿನೈದು ವರ್ಷದಲ್ಲಿ ಅದು ತುಂಬಿಕೊಂಡಿತು. ಈತನ ಬಲಗೈಯಲ್ಲಿ ಬಿ.ಪಿ. ನೋಡಬೇಡಿ. ಈಕೆಗೆ ಮೂರನೇ ಗಂಟೆಯಲ್ಲಿ ಕಾಲು ಸೆಳೆತ ಬರುತ್ತದೆ, ಮೊದಲೇ ಕಂಬಳಿ ಕೊಡಿ. ಇವರಿಗೆ ಎಡಗಿವಿ ಕೇಳಿಸುವುದಿಲ್ಲ. ಸೂಜಿ ಚುಚ್ಚುವಾಗ ಇವರ ಜತೆ ಮಾತಾಡುತ್ತಿರಿ, ಸುಮ್ಮನಿದ್ದರೆ ತಲೆ ಸುತ್ತುತ್ತದೆ.

ಅದೇ ಮಂಗಳವಾರ ಮಧ್ಯಾಹ್ನ ಅವಳು ಕ್ಲಾಸುಗಳನ್ನು ಬರೆಯುತ್ತ ಕೂತಳು. ಹತ್ತು ಟೇಬಲ್ಲು ಮುಗಿದಿತ್ತು. ರೋಗಿಗಳ ಟೇಬಲ್ಲಿನಲ್ಲಿ ಇಪ್ಪತ್ತೆರಡು ಕಾಲಂ ಮುಗಿದು ಷರಾ ಉಳಿದಿತ್ತು. ಅದಕ್ಕೆ ಎಷ್ಟು ಅಕ್ಷರದ ಜಾಗ ಬೇಕು ನೋಡೋಣವೆಂದು ಉದ್ದನೆಯ ಷರಾಗಳನ್ನು ತೆರೆದು ಓದತೊಡಗಿದಳು. ಓದಬೇಕಾಗಿರಲಿಲ್ಲ, ಉದ್ದ ಎಣಿಸಿದರೆ ಸಾಕಿತ್ತು. ಆರನೆಯ ಸಾಲು ಅಕ್ಕನ ನಂಬರು. 'ತಂಗಿ ಪಕ್ಕದಲ್ಲಿದ್ದರೆ ಬಿ.ಪಿ. ಏರುತ್ತೆ. ನೆಪ ಹೇಳಿ ಹೊರಗೆ ಕೂರಿಸುವುದು. ಒಬ್ಬರೇ ಇದ್ದರೆ ಹಾಡು ಗುನುಗುತ್ತಾರೆ, ಏನೂ ತೊಂದರೆ ಇಲ್ಲ.' ಕೆಳಗೆ ಹಿರಿಯ ಟೆಕ್ನಿಷಿಯನ್ನಿನ ಗುರುತು, ಎರಡು ವರ್ಷದ ಹಿಂದಿನ ತಾರೀಖು. ಅವಳು ಅದನ್ನು ಮೂರು ಸಲ ಓದಿದಳು. ಎರಡು ವರ್ಷದಿಂದ, ಅವಳು ಬಿಡುವು ಮಾಡಿಕೊಂಡು ಕೆಳಗಿಳಿದು ಹೋದಾಗಲೆಲ್ಲ, ಆ ಮನುಷ್ಯ ನಗುನಗುತ್ತ ಕುರ್ಚಿ ತಂದು ಹೊರಗೆ ಹಾಕಿ, "ಒಳಗೆ ಎಸಿ ಜಾಸ್ತಿ ಮೇಡಂ, ನಿಮಗೆ ಶೀತ ಆಗುತ್ತೆ" ಅನ್ನುತ್ತಿದ್ದ. ಎಂಥ ಒಳ್ಳೆಯವನು ಎಂದು ಅವಳು ಮನೆಗೆ ಹೋಗಿ ಅಕ್ಕನಿಗೇ ಹೇಳಿದ್ದಳು. ಅಕ್ಕ ಹೂಂಗುಟ್ಟಿದ್ದಳು. ಅಕ್ಕನಿಗೆ ಗೊತ್ತಿತ್ತೇ? ಮತ್ತೆ, ಹಾಡು ಗುನುಗುತ್ತಾಳಂತೆ. ಮನೆಯಲ್ಲಿ ನಾಲ್ಕು ವರ್ಷದಲ್ಲಿ ಅಕ್ಕ ಒಂದು ದಿನ ಗುನುಗಿದ್ದು ಅವಳು ಕೇಳಿರಲಿಲ್ಲ. ಯಾರಿಗೋಸ್ಕರ ನೀರು ಅಳೆದದ್ದು, ಯಾರಿಗೋಸ್ಕರ ತರಕಾರಿಯನ್ನು ಎರಡೆರಡು ಸಲ ಬೇಯಿಸಿ ನೀರು ಬಸಿದದ್ದು, ಯಾರಿಗೋಸ್ಕರ ಈ ಮೂರನೆಯ ಮಹಡಿಯ ಕಿಟಕಿಯಲ್ಲಿ ಹೊಗೆ ಕೊಳವೆ ನೋಡಿಕೊಂಡು ಕೂತದ್ದು? ಅವಳು ಕಟ್ಟಿದ ಕಾಲಂನಲ್ಲೇ ಅವಳನ್ನು ಹೊರಗೆ ಕೂರಿಸಿದ್ದರು.

ಷರಾ ಎಂಬ ಹೆಸರನ್ನು ಕ್ಲಾಸಿನಲ್ಲಿ ಟೈಪ್ ಮಾಡಿದಳು. ಆಗ ಲೀಡ್ ಅವಳ ಹಿಂದಿನಿಂದ ಹಾದುಹೋಗುತ್ತ ಕುರ್ಚಿಯ ಬೆನ್ನು ತಟ್ಟಿ, "ಆಯ್ತಾ ಮೇಡಂ? ಸಾರಾನ ಕೇಳ್ದೆ ಅಂತ ಹೇಳಿ," ಎಂದು ನಕ್ಕು ಹೋದ. ಅವನು ಬಾಗಿಲು ದಾಟುವವರೆಗೆ ಅವಳು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಆ ಒಂದು ಸಾಲನ್ನು ಅಳಿಸಿದಳು, ಒಂದೊಂದೇ ಅಕ್ಷರ, ಹಿಂದಿನಿಂದ ಮುಂದಕ್ಕೆ. ಸರ್ವರಿನ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್ ಎಲ್ಲ ಸರಿಯಾಗಿದೆಯೇ ನೋಡಿದಳು. ಸೆಟ್ಟಿಂಗ್ ತೆರೆದೇ ಇತ್ತು, ಅವನು ಬಿಟ್ಟ ಹಾಗೆ. ಅಪ್ಲಿಕೇಶನ್ ಶುರು ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಏರಿದವು. ಡೇಟಾಬೇಸಿಗೆ ಸಂಪರ್ಕ ಸಿಕ್ಕಿದೆ. ಟೇಬಲ್ಲುಗಳನ್ನು ಹೋಲಿಸಲಾಗುತ್ತಿದೆ. ಆಮೇಲೆ ಒಂದೇ ಒಂದು ಸಾಲು, ಡ್ರಾಪ್ ಕಾಲಂ ಷರಾ. ಕೆಮ್ಮಿದಷ್ಟು ಹೊತ್ತೂ ಹಿಡಿಯಲಿಲ್ಲ. ಸಂಜೆ ಡೆಮೊ ಚೆನ್ನಾಗಿ ಆಯಿತು. ಡೈರೆಕ್ಟರ್ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಅಂಗೈಯಲ್ಲಿ ಒಂಥರದ ಹಿತವಿತ್ತು. ಆ ಹಿತ ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ಬುಧವಾರದಿಂದ ವಾರ್ಡಿನಲ್ಲಿ ಹೊಸ ಪರದೆ. ಷರಾದ ಡಬ್ಬ ಕಾಣುತ್ತಿಲ್ಲವೆಂದು ಯಾರೋ ಫೋನ್ ಮಾಡಿದಾಗ ಲೀಡ್, ಅದು ಮುಂದಿನ ವಾರ ಬರುತ್ತದೆ ಎಂದ. ಹೊಸ ಪರದೆಯಲ್ಲಿ ಡಬ್ಬ ಇಡಲು ತಾನು ಮರೆತಿರಬೇಕು, ಅಷ್ಟೇ ಎಂದುಕೊಂಡಿದ್ದ. ಡಬ್ಬದ ಹಿಂದೆ ಕಾಲಮ್ಮೇ ಇಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಹಳೆಯ ಟೆಕ್ನಿಷಿಯನ್ನುಗಳಿಗೆ ಎಲ್ಲರ ಷರಾವೂ ಬಾಯಿಪಾಠ, ಅವರು ಸುಮ್ಮನಾದರು. ಅವಳೂ ಸುಮ್ಮನಾದಳು. ಬೆಳಿಗ್ಗೆ ಹೇಳೋಣ, ಮಧ್ಯಾಹ್ನ ಹೇಳೋಣ, ಬ್ಯಾಕಪ್ ಇದ್ದೇ ಇರುತ್ತದಲ್ಲ, ತಂದು ಹಾಕಿದರಾಯಿತು. ಅವನಿಗೊಂದು ಪಾಠವಾಗಲಿ. ಮರೆತೆ ಎಂದರೆ ಆಯಿತು. ಮರೆತೆನೇ? ಈ ಪ್ರಶ್ನೆಯನ್ನು ಅವಳು ತನಗೆ ಎಷ್ಟು ಸಲ ಕೇಳಿಕೊಂಡಳೆಂದರೆ, ಬುಧವಾರ ಸಂಜೆಯ ಹೊತ್ತಿಗೆ ನಿಜವಾಗಿಯೂ ಮರೆತಿದ್ದೆನೇನೋ ಅನ್ನಿಸುವಂತಾಗಿತ್ತು.

ಗುರುವಾರ ಹತ್ತೂಕಾಲಿಗೆ ಕೆಳಗಿನಿಂದ ಅಕ್ಕನ ಫೋನ್ ಬಂತು. ಕುರ್ಚಿಯಲ್ಲಿದ್ದಾಗ ಅಕ್ಕ ಫೋನ್ ಮಾಡುವವಳಲ್ಲ. "ಪಕ್ಕದ ಕುರ್ಚಿ ಪೇಂಟರ್ ಅಜ್ಜನ ಕೈ ನೋಡೋಕಾಗ್ತಿಲ್ಲ ಕಣೆ," ಎಂದಳು, ಪಿಸುದನಿಯಲ್ಲಿ. "ಬಲೂನ್ ಥರ ಊದ್ಕೊಂಡು ನೀಲಿ ಆಗಿದೆ. ಬೇರೆ ವಾರ್ಡಿಂದ ಬಂದಿದ್ದಾಳಲ್ಲ, ಆ ಹೊಸ ಟೆಕ್ನಿಷಿಯನ್, ಅವಳು ಉಬ್ಬಿದ ನರದ ಕೆಳಗಿನ ಗಂಟಿನ ಹತ್ರ ಸೂಜಿ ಹಾಕಿಬಿಟ್ಟಳು. ಅಲ್ಲಿ ಹಾಕಬೇಡಮ್ಮ, ಅಲ್ಲಿ ತೆಳ್ಳಗಾಗಿದೆ ಅಂತ ಪಾಪ ಅಜ್ಜ ಹೇಳಿದ್ರು. ನಾನೇ ಕೇಳಿಸಿಕೊಂಡೆ. ಅವಳು ಕಂಪ್ಯೂಟರ್ ನೋಡಿ, ಇಲ್ಲಿ ಏನೂ ಬರೆದಿಲ್ಲವಲ್ಲ ಅಜ್ಜ, ಹಾಗಿದ್ರೆ ಬರೆದಿರ್ತಿದ್ರು ಅಂದಳು. ನಿಮ್ಮ ಕಂಪ್ಯೂಟರಲ್ಲಿ ಯಾಕೆ ಇಲ್ವಂತೆ?" ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. "ಕೇಳಿಸ್ತಾ ಇದ್ಯಾ?" ಎಂದಳು ಅಕ್ಕ.

ಕೆಳಗೆ ಓಡಬೇಕೆಂದು ಎದ್ದವಳು ಓಡಲಿಲ್ಲ. ಬ್ಯಾಕಪ್ಪಿನ ಕಡತ ತೆರೆದಳು. ಕೊನೆಯ ಬ್ಯಾಕಪ್ ಹತ್ತೊಂಬತ್ತು ದಿನ ಹಳೆಯದು. ಪ್ರತಿದಿನ ತಾನಾಗಿ ಆಗಬೇಕಾದ್ದನ್ನು ಹೊಸ ಸರ್ವರಿಗೆ ಹೋಗುವ ಗಡಿಬಿಡಿಯಲ್ಲಿ ಲೀಡ್ ನಿಲ್ಲಿಸಿದ್ದ. ಯಾರಿಗೂ ಹೇಳಿರಲಿಲ್ಲ. ಅವಳೂ ನೋಡಿರಲಿಲ್ಲ. ಪೇಂಟರ್ ಅಜ್ಜನ ಸಾಲನ್ನು ಆ ಹಳೆಯ ಬ್ಯಾಕಪ್ಪಿನಲ್ಲಿ ಹುಡುಕಿದಳು. ಎರಡು ಷರಾಗಳಿದ್ದವು, ಒಂದು ಕಂಬಳಿಯ ಬಗ್ಗೆ, ಒಂದು ಮಾತ್ರೆಯ ಬಗ್ಗೆ. ಗಂಟಿನ ಮಾತು ಇರಲಿಲ್ಲ. ಅದನ್ನು ಬರೆದದ್ದು ಆಮೇಲೆ ಇರಬೇಕು. ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಬ್ಯಾಕಪ್ ನಿಲ್ಲಿಸಿದವನ ಮೇಲೆ, ಮುದುಕನ ಬಾಯಿಗಿಂತ ಪರದೆಯನ್ನು ನಂಬಿದವಳ ಮೇಲೆ. ಮತ್ತೆ ಆ ಬೆರಳುಗಳ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ ಏನೂ ಅರಿಯದವರ ಹಾಗೆ ಬಿದ್ದುಕೊಂಡಿದ್ದ ತನ್ನವೇ ಬೆರಳುಗಳ ಮೇಲೆ.

ಹನ್ನೊಂದು ಗಂಟೆಗೆ ಡೈರೆಕ್ಟರ್ ಕರೆಸಿದರು. ಅವರು ಅರವತ್ತು ದಾಟಿದ ಡಾಕ್ಟರಮ್ಮ, ಮಾತು ಕಡಿಮೆ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಅಜ್ಜನನ್ನು ನೋಡಿ ಬಂದಿದ್ದರು. "ಫಿಸ್ಟುಲಾ, ಅದೇ ಡಯಾಲಿಸಿಸ್‌ಗೆ ಅಂತ ಕೈಲಿ ಜೋಡಿಸಿರೋ ರಕ್ತನಾಳ, ಸೋರಿದೆ. ಆ ಕೈ ಆರು ವಾರ ಮುಟ್ಟೋ ಹಾಗಿಲ್ಲ. ಅಲ್ಲಿವರೆಗೆ ಕುತ್ತಿಗೇಲಿ ಟ್ಯೂಬು," ಎಂದರು. "ಆ ಷರಾ ನಾನೇ ಹೇಳಿ ಹೋದ ವಾರ ಬರೆಸಿದ್ದು. ಎಲ್ಲಿ ಹೋಯ್ತು?" ಲೀಡ್ ಸಿದ್ಧನಾಗೇ ಬಂದಿದ್ದ. "ಹಳೇ ಡೇಟಾಬೇಸಿನ ಡಿಸೈನೇ ಸರಿ ಇರಲಿಲ್ಲ ಮೇಡಂ. ಹದಿನೇಳು ವರ್ಷ ಹಳೇದು. ಆ ಕಾಲಂ ಮೊದಲೇ ಕೆಟ್ಟಿತ್ತು ಅನ್ಸುತ್ತೆ, ಹೊಸದಕ್ಕೆ ಕನೆಕ್ಟ್ ಮಾಡುವಾಗ ಹಾಗಾಗೋದು ಸಹಜ," ಎಂದ. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

"ಕೆಟ್ಟಿರಲಿಲ್ಲ," ಎಂದಳು ಅವಳು. ಮಂಗಳವಾರ ತೆಳ್ಳಗಾಗಿದ್ದ ದನಿ ಇವತ್ತು ಅವಳಿಗೇ ಒರಟಾಗಿ ಕೇಳಿಸಿತು. ಸರ್ವರು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗನ್ನು ಮುದ್ರಿಸಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು ಆ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಮಂಗಳವಾರ ಮೂರು ಗಂಟೆ ಹನ್ನೆರಡು ನಿಮಿಷದವರೆಗೆ ಅದು ಚೆನ್ನಾಗೇ ಇತ್ತು. ಹೊಸ ಅಪ್ಲಿಕೇಶನ್ನೇ ಅದನ್ನ ಕಿತ್ತಿದ್ದು. ಕೀಳೋ ಸೆಟ್ಟಿಂಗ್ ಮುಚ್ಚಿ ಅಂತ ಬೆಳಿಗ್ಗೆ ಆರು ಜನರ ಮುಂದೆ ಹೇಳಿದ್ದೆ. ಇವರು ಮುಚ್ಚಲಿಲ್ಲ. ಬ್ಯಾಕಪ್ಪೂ ಇವರೇ ನಿಲ್ಲಿಸಿದ್ದು." ಲೀಡ್ ಬಾಯಿ ತೆರೆದ. "ಕ್ಲಾಸ್ ಬರೆದಿದ್ದು ನೀವು ಮೇಡಂ. ಷರಾ ಬಿಟ್ಟಿದ್ದು ನೀವು. ಅದನ್ನೂ ಹೇಳಿ." ಈ ಸಲ ಅವನು ಸಾರಾ ಎನ್ನಲಿಲ್ಲ. ಡೈರೆಕ್ಟರ್ ಅವಳ ಕಡೆ ತಿರುಗಿದರು. "ಇಪ್ಪತ್ಮೂರರಲ್ಲಿ ಒಂದು ಮರೆತಿರಬಹುದು. ಯಾರಿಗಾದ್ರೂ ಆಗುತ್ತೆ," ಎಂದರು ಮೆತ್ತಗೆ.

ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದ್ದರು. ಹೂಂ ಎಂದರೆ ಸಾಕಿತ್ತು. ಆ ಮೆತ್ತನೆಯ ದನಿಗೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹದಿನೇಳು ವರ್ಷದಲ್ಲಿ ಒಂದು ಕಾಲಂ ಮರೆತವಳಲ್ಲ ತಾನು. ಮರೆತಳು ಎಂದು ಈ ಕೋಣೆಯಲ್ಲಿ ದಾಖಲಾದರೆ, ವಯಸ್ಸಾಯಿತು, ಕೈಲಾಗುವುದಿಲ್ಲ ಎಂದು ಇವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ತಪ್ಪನ್ನು ಒಪ್ಪಿಕೊಳ್ಳಲು ತನಗೆ ಧೈರ್ಯ ಕೊಡುತ್ತಿರುವುದು ಪಶ್ಚಾತ್ತಾಪವಲ್ಲ, ಜಂಭ ಎಂದು ಅವಳಿಗೆ ಆ ಗಳಿಗೆಯಲ್ಲೇ ಸ್ಪಷ್ಟವಾಗಿ ಗೊತ್ತಾಯಿತು. ನಾಚಿಕೆಯೂ ಆಯಿತು. ಆದರೂ ಹೇಳಿದಳು. "ಮರೆತಿಲ್ಲ ಮೇಡಂ. ಬರೆದಿದ್ದೆ. ಬರೆದು ಅಳಿಸಿದೆ. ಏನಾಗುತ್ತೆ ಅಂತ ಗೊತ್ತಿದ್ದೇ ಅಳಿಸಿದೆ."

ಲೀಡ್ ನೆಲ ನೋಡುತ್ತಿದ್ದ. ತಾನು ಗೆದ್ದೆನೋ ಸೋತೆನೋ ಅವನಿಗೂ ತಿಳಿದಂತಿರಲಿಲ್ಲ. ಡೈರೆಕ್ಟರ್ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿ ಲಾಗಿನ ಆ ಸಾಲನ್ನು ಓದಿದರು. ಅವರಿಗೆ ಅದು ಅರ್ಥವಾಗುವಂಥದ್ದಲ್ಲ, ಆದರೂ ಪೂರ್ತಿ ಓದಿದರು. "ನೀವು," ಎಂದರು ಲೀಡ್ ಕಡೆ ನೋಡದೆ, "ಆ ಸೆಟ್ಟಿಂಗ್ ಈಗಲೇ ಹೋಗಿ ಮುಚ್ಚಿ. ಬ್ಯಾಕಪ್ ಯಾಕೆ ನಿಂತಿತ್ತು ಅಂತ ಬರೆದು ಕೊಡಿ. ನಿಮ್ಮ ಹೆಸರಲ್ಲಿ." ಅವನು ಹೋದ. "ನೀವು ಸಂಜೆಯೊಳಗೆ ಎಲ್ಲ ವಾಪಸ್ ತನ್ನಿ. ಆಮೇಲೆ ಡೇಟಾಬೇಸಿನ ಪಾಸ್‌ವರ್ಡ್ ನನಗೆ ಕೊಟ್ಟುಬಿಡಿ. ವಿಚಾರಣೆ ಮುಗಿಯೋವರೆಗೆ ನೀವು ಅದನ್ನ ಮುಟ್ಟಬಾರದು." ಅವಳು ತಲೆಯಾಡಿಸಿದಳು. ಬಾಗಿಲ ಬಳಿ ಹೋದಾಗ ಅವರು ಕೇಳಿದರು, "ಯಾಕೆ?" ಅವಳಿಗೆ ನಗೆ, ಕುರ್ಚಿ, ಅಕ್ಕನ ಹಾಡು ಎಲ್ಲ ಒಟ್ಟಿಗೆ ನೆನಪಾಯಿತು. ಒಂದನ್ನೂ ಜೋರಾಗಿ ಹೇಳಲು ಸಾಧ್ಯವಿರಲಿಲ್ಲ. ಹೇಳಿದರೆ ಎಲ್ಲವೂ ಸಣ್ಣದಾಗಿ ಕೇಳಿಸುತ್ತಿತ್ತು. "ಬರೆದು ಕೊಡ್ತೀನಿ ಮೇಡಂ," ಎಂದಳು.

ಮಧ್ಯಾಹ್ನವಿಡೀ ಅವಳು ಕೈಯಾರೆ ಕ್ವೆರಿ ಬರೆದಳು. ಕಾಲಮ್ಮನ್ನು ಮತ್ತೆ ಸೇರಿಸಿ, ಹಳೆಯ ಬ್ಯಾಕಪ್ಪಿನಿಂದ ನಂಬರು ನೋಡಿ ನಂಬರಿಗೆ ಹೊಂದಿಸಿ, ಒಂದು ಸಾವಿರದ ಮೇಲಿನ ಷರಾಗಳನ್ನು ವಾಪಸ್ ತಂದಳು. ಆಮೇಲೆ ಕ್ಲಾಸಿನಲ್ಲೂ ಆ ಸಾಲನ್ನು ಬರೆದಳು, ಅದೇ ಹೆಸರಿನಲ್ಲಿ. ಅಕ್ಕನ ಸಾಲು ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಮುಟ್ಟದೆ ಮುಂದೆ ಹೋದಳು. ಉಳಿದ ಹತ್ತೊಂಬತ್ತು ದಿನಗಳದ್ದನ್ನು ಹೇಳಲು ಹಿರಿಯ ಟೆಕ್ನಿಷಿಯನ್ ಮೇಲೆ ಬಂದ. ಅಷ್ಟು ಹೊತ್ತಿಗೆ ಸುದ್ದಿ ಮಹಡಿಯಿಂದ ಮಹಡಿಗೆ ಇಳಿದಿತ್ತು. ಅವನು ಪಕ್ಕದಲ್ಲಿ ಕೂತು, ಅವಳ ಮುಖ ನೋಡದೆ, ಕಣ್ಣು ಮುಚ್ಚಿ, ಕುರ್ಚಿ ನಂಬರಿನ ಮೇಲೆ ಒಬ್ಬೊಬ್ಬರದಾಗಿ ಹೇಳುತ್ತ ಹೋದ. ಇಪ್ಪತ್ತಾರು ಷರಾ. ಪೇಂಟರ್ ಅಜ್ಜನದನ್ನು ಹೇಳುವಾಗ ಮಾತ್ರ ಕಣ್ಣು ತೆರೆದ. "ಎಡಗೈ, ಕೆಳಗಿನ ಗಂಟು. ಗೋಡೆ ತೆಳುವಾಗಿದೆ. ಇಲ್ಲಿ ಚುಚ್ಚಲೇಬಾರದು. ಚುಚ್ಚಲೇಬಾರದು ಅಂತ ಎರಡು ಸಲ ಬರೀರಿ," ಎಂದ. ಅವಳು ಎರಡು ಸಲ ಬರೆದಳು. ಏಳುವಾಗ ಅವನು, "ನಾನು ನಿಮ್ಮ ಬಗ್ಗೆ ಒಂದು ಬರೆದಿದ್ದೆ. ಓದಿರ್ತೀರಿ," ಎಂದ. "ಓದ್ದೆ." "ಅದು ಸುಳ್ಳಲ್ಲ," ಎಂದು ಹೇಳಿ ಅವನು ಮೆಟ್ಟಿಲಿಳಿದ. ಕ್ಷಮೆಯಾದರೂ ಕೇಳುತ್ತಾನೆಂದು ಒಂದರೆಗಳಿಗೆ ಕಾದಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನಾಲ್ಕೂವರೆಗೆ ಪಾಸ್‌ವರ್ಡ್ ಬರೆದ ಲಕೋಟೆಯನ್ನು ಡೈರೆಕ್ಟರ್ ಕೋಣೆಯಲ್ಲಿ ಕೊಟ್ಟು ಕೆಳಗಿಳಿದಳು. ಒಂದು ಗಂಟೆಗೇ ಬಿಡುಗಡೆಯಾಗಿದ್ದ ಅಕ್ಕ ಮೊಗಸಾಲೆಯ ಬೆಂಚಿನ ಮೇಲೆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಇವಳ ಹೆಜ್ಜೆ ಕೇಳಿ ಎದ್ದು ಕೂತಳು. ಇವಳು ನಿಂತೇ ಎಲ್ಲವನ್ನೂ ಹೇಳಿದಳು. ಲೀಡಿನದ್ದು, ಅಳಿಸಿದ್ದು, ಷರಾದಲ್ಲಿ ಬರೆದದ್ದು. ಅಕ್ಕ ಕೇಳಿಸಿಕೊಂಡಳು. "ಅದು ನಾನೇ ಬರೆಸಿದ್ದು," ಎಂದಳು ಕೊನೆಗೆ. "ನೀನು ಪಕ್ಕದಲ್ಲಿ ಕೂತು ಆ ಯಂತ್ರದ ಅಂಕೆ ಓದ್ತಾ ಇದ್ರೆ, ಪರೀಕ್ಷೆ ಕೋಣೇಲಿ ಕೂತ ಹಾಗಾಗುತ್ತೆ ನಂಗೆ. ನಿಂಗೆ ಹೇಳೋಕೆ ಧೈರ್ಯ ಇರ್ಲಿಲ್ಲ. ಅವನಿಗೆ ಹೇಳ್ದೆ." "ಧೈರ್ಯ ಇರ್ಲಿಲ್ಲ? ನಿಂಗೆ? ನನ್ನ ಹತ್ರ?" "ಇನ್ಯಾರ ಹತ್ರ? ನಾನು ಉಳಿದಿರೋದೇ ನಿನ್ನ ಕೈಲಿ. ಉಳಿಸಿದವರ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಗುತ್ತಾ?" ಎಂದಳು ಅಕ್ಕ. ಮಾತು ಮೃದುವಾಗಿರಲಿಲ್ಲ. ಅದರ ಅಡಿಯಲ್ಲಿ ನಾಲ್ಕು ವರ್ಷದ ಕುದಿ ಇತ್ತು. ಅದನ್ನು ಇವಳು ಈಗಷ್ಟೇ ನೋಡುತ್ತಿದ್ದಳು. ಏನೋ ಹೇಳಬೇಕೆಂದು ಪಕ್ಕದಲ್ಲಿ ಕೂರಲು ಹೋದಳು. "ಇಲ್ಲಿ ಆಮೇಲೆ ಕೂರು," ಎಂದಳು ಅಕ್ಕ. "ಮೊದಲು ಆ ಮನುಷ್ಯನ ಹತ್ರ ಹೋಗು."

ಪೇಂಟರ್ ಅಜ್ಜ ವಾರ್ಡಿನ ಕೊನೆಯ ಮಂಚದ ಮೇಲೆ ಎರಡು ದಿಂಬಿಗೆ ಒರಗಿದ್ದರು. ಅಂಗಡಿ ಬೋರ್ಡು ಬರೆಯುವವರು. ಈಗಲೂ ಮನೆಯಲ್ಲಿ ಕೂತು ಸಣ್ಣಪುಟ್ಟ ಬೋರ್ಡು ಬರೆಯುತ್ತಾರೆಂದು ಅಕ್ಕ ಎಂದೋ ಹೇಳಿದ್ದಳು. ಕುತ್ತಿಗೆಯ ಬಲಬದಿಯಲ್ಲಿ ಬಿಳಿ ಪಟ್ಟಿಯ ಕೆಳಗಿನಿಂದ ಎರಡು ಕೊಳವೆಗಳು ಹೊರಬಂದಿದ್ದವು. ಎಡಗೈ ಮೊಣಕೈಯಿಂದ ಮುಂಗೈವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ದಿಂಬಿನ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬಲಗೈಯ ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣ. ಅವಳು ಮಂಚದ ಬುಡದಲ್ಲಿ ನಿಂತು ತಾನು ಯಾರೆಂದು ಹೇಳಿದಳು. "ನಿಮ್ಮ ಗಂಟಿನ ವಿಷಯ ಬರೆದಿತ್ತು. ಅದನ್ನ ಅಳಿಸಿದ್ದು ನಾನು," ಎಂದಳು.

ಅವರು ತಲೆ ತಿರುಗಿಸಲಾರದೆ ಕಣ್ಣನ್ನು ಮಾತ್ರ ತಿರುಗಿಸಿದರು. "ಕೈ ತಪ್ಪಿ ಅಳಿಸಿದ್ದಾ, ಗೊತ್ತಿದ್ದು ಅಳಿಸಿದ್ದಾ?"

"ಗೊತ್ತಿದ್ದು."

"ನನ್ನ ಮೇಲೇನಾದ್ರೂ ಸಿಟ್ಟಿತ್ತಾ?"

"ಇಲ್ಲ. ನಿಮ್ಮನ್ನ ಮನಸ್ಸಿಗೇ ತಂದುಕೊಂಡಿರ್ಲಿಲ್ಲ. ಬೇರೆಯವರ ಮೇಲಿತ್ತು."

"ಹಾಗಾದ್ರೆ ಅವರ ಮೂತಿಗೆ ಹೊಡೀಬೇಕಿತ್ತು," ಎಂದರು ಅಜ್ಜ. ದನಿ ಏರಿತು, ಏರಿದ್ದಕ್ಕೆ ನೋವಾಗಿ ಹಲ್ಲು ಕಚ್ಚಿದರು, ಮತ್ತೆ ಹೇಳಿದರು. "ನಾನು ಬಾಯಿಬಿಟ್ಟು ಹೇಳ್ದೆ. ಎರಡು ಸಲ ಹೇಳ್ದೆ. ಎಪ್ಪತ್ತೊಂದು ವರ್ಷದಿಂದ ಈ ಕೈ ನನ್ನದು. ಅದರಲ್ಲಿ ಎಲ್ಲಿ ನೋಯುತ್ತೆ ಅಂತ ನನಗೆ ಗೊತ್ತಿಲ್ವಾ? ಆ ಹುಡುಗಿ ನನ್ನ ಮುಖ ನೋಡ್ಲಿಲ್ಲ, ನಿಮ್ಮ ಪೆಟ್ಟಿಗೆ ಮುಖ ನೋಡಿದಳು. ಪೆಟ್ಟಿಗೆ ಸುಮ್ನಿತ್ತು. ಪೆಟ್ಟಿಗೆ ಬಾಯಿ ಮುಚ್ಚಿಸಿದ್ದು ನೀವು. ಇಲ್ಲಿಗೆ ಬಂದು ಹೇಳಿಬಿಟ್ರೆ ಸರಿ ಹೋಗುತ್ತಾ? ನಾನು ಅಯ್ಯೋ ಪಾಪ ಅನ್ನಬೇಕಾ?"

"ಅನ್ನಬೇಡಿ," ಎಂದಳು ಅವಳು.

"ಅನ್ನಲ್ಲ."

ಪಕ್ಕದ ಮಂಚಗಳವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಯಂತ್ರವೊಂದು ಕಿಣಿಕಿಣಿ ಎಂದು ತಾನೇ ನಿಂತಿತು. ಎರಡು ದಿನದಿಂದ ಅವಳ ಎದೆಯೊಳಗೆ ಉರಿಯುತ್ತಿದ್ದುದಕ್ಕೂ ಈ ಮುದುಕನ ಕಣ್ಣಿನಲ್ಲಿ ಉರಿಯುತ್ತಿದ್ದುದಕ್ಕೂ ಹೆಸರು ಒಂದೇ, ಸಿಟ್ಟು. ಆದರೆ ಅವರದು ಸುತ್ತಿ ಬಳಸದೆ ನೇರ ಅವಳ ಮುಖಕ್ಕೇ ಬರುತ್ತಿತ್ತು. ಇನ್ಯಾರ ತಲೆಯ ಮೇಲೂ ಬೀಳುತ್ತಿರಲಿಲ್ಲ. ತಪ್ಪಿಸಿಕೊಳ್ಳಬೇಕು ಅನ್ನಿಸಲಿಲ್ಲ. ಕೈ ಕಟ್ಟಿಕೊಳ್ಳದೆ, ತಲೆ ತಗ್ಗಿಸದೆ ನಿಂತಿದ್ದಳು. ಅಜ್ಜ ಇನ್ನೂ ಏನೋ ಹೇಳಲು ಹೋಗಿ ಕೊಳವೆ ಎಳೆದಂತಾಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಅವಳು ಇನ್ನೂ ಅಲ್ಲೇ ಇರುವುದನ್ನು ನೋಡಿದರು.

"ಈಗ ಹೋಗಿ," ಎಂದರು. "ಶನಿವಾರ ಬನ್ನಿ. ಬೈಯೋದು ಇನ್ನೂ ಇದೆ. ಇವತ್ತು ಕುತ್ತಿಗೆ ನೋಯ್ತಿದೆ."

"ಎಷ್ಟು ಹೊತ್ತಿಗೆ ಬರಲಿ?" ಎಂದು ಕೇಳಿದಳು.